ಬೋಣಿ ಗೌಡರು

ಅವರ ಅಂಗಿಯ ಎಡತೋಳು ಬಲತೋಳಿಗಿಂತ ಒಂದು ಬೆರಳು ಉದ್ದವಿತ್ತು. ಅದನ್ನೇ ತೊಟ್ಟು ಮದುವೆಗೆ ಹೋಗುತ್ತಿದ್ದರು, ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೋಗುತ್ತಿದ್ದರು, ಒಮ್ಮೆ ಅದನ್ನೇ ತೊಟ್ಟು ಒಂದು ಹೆಣ್ಣಿನ ನಿಶ್ಚಿತಾರ್ಥದ ಫೋಟೋಕ್ಕೂ ನಿಂತಿದ್ದರು. ಯಾರಾದರೂ ಮುಸಿಮುಸಿ ನಕ್ಕರೆ ಎಡಗೈಯನ್ನು ಮುಂದಕ್ಕೆ ಚಾಚಿ ತೋರಿಸಿ, ‘ಮೊದಲ್ನೇ ಅಂಗಿ ಕಣಪ್ಪ. ಪಾಪ, ಚೆನ್ನಾಗೇ ಹೊಲ್ದವ್ನೆ’ ಅನ್ನುತ್ತಿದ್ದರು. ಹಾಗೆ ಹೊಲಿದ ದರ್ಜಿಗೆ ಈಗ ರಾಮನಗರದಲ್ಲೇ ಎರಡು ಅಂಗಡಿ ಇವೆ.

ಹೋದ ವಾರ ಗೌಡರ ಹನ್ನೊಂದನೇ ದಿನದ ಕಾರ್ಯಕ್ಕೆ ಹೋಗಿದ್ದೆ. ಶಾಮಿಯಾನದ ಕೆಳಗೆ ಊಟಕ್ಕೆ ಕೂತವರಲ್ಲಿ ಅರ್ಧಕ್ಕರ್ಧ ಜನ ನೆಂಟರೇ ಅಲ್ಲ. ದರ್ಜಿ, ಬಡಗಿ, ಕ್ಷೌರದವರು, ಆಟೋದವರು, ತಟ್ಟೆ ಇಡ್ಲಿ ಹೋಟೆಲಿನವರು, ಜೊತೆಗೆ ಒಬ್ಬರು ಡಾಕ್ಟರು. ಇವರಿಗೆಲ್ಲ ಗೌಡರ ಜೊತೆ ಇದ್ದದ್ದು ಒಂದೇ ನೆಂಟಸ್ತಿಕೆ. ಅವರವರ ಕಸುಬಿನ ಮೊದಲನೇ ಗಿರಾಕಿ ಗೌಡರು. ನಾನೂ ಅದೇ ಪಂಕ್ತಿಯಲ್ಲಿ ಎಲೆ ಮುಂದೆ ಕೂತೆ. ನಾನು ಕರೆಂಟಿನ ಕಂಟ್ರಾಕ್ಟರು.

ಊರೆಲ್ಲ ಅವರನ್ನು ಬೋಣಿ ಗೌಡರು ಅಂತಲೇ ಕರೆಯುತ್ತಿತ್ತು. ಅವರ ಕೈಗುಣ ಒಳ್ಳೆಯದು, ಅವರು ಮೊದಲ ವ್ಯಾಪಾರ ಮಾಡಿದರೆ ಅಂಗಡಿ ಮೇಲೆ ಬರುತ್ತದೆ ಅನ್ನುವುದು ಜನರ ನಂಬಿಕೆ. ಹೊಸದಾಗಿ ಏನೇ ಶುರು ಮಾಡುವವರೂ ಅವರ ಮನೆಗೆ ಎಲೆ ಅಡಿಕೆ ಹಿಡಿದು ಹೋಗುತ್ತಿದ್ದರು. ಹೊಸ ಆಟೋ ಬಂದರೆ ಅದರಲ್ಲಿ ಮೊದಲು ಕೂರುವವರು ಇವರು. ಹೊಸ ಹೋಟೆಲಿನ ಮೊದಲ ಇಡ್ಲಿ ಇವರ ಹೊಟ್ಟೆಗೆ. ಆ ಡಾಕ್ಟರು ಕ್ಲಿನಿಕ್ ತೆರೆದ ಬೆಳಿಗ್ಗೆ ಗೌಡರಿಗೆ ಯಾವ ಕಾಯಿಲೆಯೂ ಇರಲಿಲ್ಲವಂತೆ. ಆದರೂ ಹೋಗಿ ಬಾಗಿಲಲ್ಲಿ ಕೂತು, ‘ಒಸಿ ಮೈ ಕೈ ನೋವು ಅಂದ್ಕಂಡು ಏನಾದ್ರೂ ಕೊಡಿ ಸ್ವಾಮಿ’ ಅಂದರಂತೆ. ಡಾಕ್ಟರು ಸೂಜಿ ಚುಚ್ಚಿದರು. ತೋಳು ಬದನೆಕಾಯಿಯಂತೆ ಊದಿಕೊಂಡಿತು. ಗೌಡರು ಅದನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡು ಓಡಾಡುತ್ತಾ, ಕಂಡವರಿಗೆಲ್ಲ ಡಾಕ್ಟರ ಕೈ ಹೂವಿನಂಥದು ಅಂತ ಹೇಳಿದರು.

ಇದರ ಫಲವಾಗಿ ಅವರ ಮನೆಯಲ್ಲಿ ನೆಟ್ಟಗಿರುವ ಒಂದು ವಸ್ತುವೂ ಇರಲಿಲ್ಲ. ಮುಂಬಾಗಿಲನ್ನು ಒಸಿ ಎತ್ತಿ ದೂಡಿದರೆ ಮಾತ್ರ ಚಿಲಕ ಬೀಳುತ್ತಿತ್ತು. ಜಗಲಿಯ ಬೆಂಚು ಕೂತವರನ್ನು ಒಂದು ಕಡೆಗೆ ವಾಲಿಸುತ್ತಿತ್ತು. ಕನ್ನಡಕದ ಒಂದು ಕಡ್ಡಿ ಕಿವಿಯ ಮೇಲೆ, ಇನ್ನೊಂದು ಎಲ್ಲೋ ಗಾಳಿಯಲ್ಲಿ. ಹೊಸ ಗಿರಾಕಿಗೆ ಅಂಜಿ ಕೈ ನಡುಗಿದ ಎಷ್ಟೋ ಜನರ ಮೊದಲನೇ ಕೆಲಸಗಳ ನಡುವೆ ಅವರು ಖುಷಿಯಾಗಿ ಬದುಕಿದ್ದರು. ಖುಷಿಯಾಗಿಲ್ಲದೆ ಬದುಕಿದ್ದವರು ಅವರ ಹೆಂಡತಿ. ನಾವೆಲ್ಲ ಅವರನ್ನು ದೊಡ್ಡವ್ವ ಅನ್ನುತ್ತಿದ್ದೆವು. ದೊಡ್ಡವ್ವ ಆ ಬಾಗಿಲನ್ನು ಎತ್ತಿ ದೂಡುವಾಗ ಪ್ರತಿ ಸಲವೂ ಬಡಗಿಯ ವಂಶವನ್ನು ವಿಚಾರಿಸಿಕೊಳ್ಳುತ್ತಿದ್ದರು.

‘ಯಾಕೆ ಗೌಡ್ರೆ, ಸರಿ ಮಾಡಿಸ್ಕೊಳ್ಳೋದಲ್ವಾ?’ ಅಂತ ಒಮ್ಮೆ ಕೇಳಿದೆ.

‘ಮೊದಲ್ನೇ ದೋಸೆ ಕಿತ್ತೋಯ್ತದೆ ಕಣವ್ವ. ಅದ್ನ ಯಾರಾದ್ರೂ ತಿನ್ಬೇಕಲ್ಲ? ತಿನ್ನೋರಿಲ್ದಿದ್ರೆ ಎರಡನೇ ದೋಸೆ ಹುಯ್ಯೋಕೆ ಅವ್ರಿಗೆಲ್ಲಿ ಧೈರ್ಯ ಬತ್ತದೆ?’

ಅವರ ಕೈಗುಣದ ಗುಟ್ಟು ನನಗೆ ತಿಳಿದಮಟ್ಟಿಗೆ ಇಷ್ಟೇ. ಬೋಣಿ ಮಾಡಿ ಎದ್ದು ಹೋಗುವ ಜನ ಅಲ್ಲ ಅವರು. ಕೆಟ್ಟ ಅಂಗಿ ಹೊಲಿದವನ ಹತ್ತಿರವೇ ಎರಡನೇ ಅಂಗಿಗೂ ಹೋಗುತ್ತಿದ್ದರು, ಮೂರನೆಯದಕ್ಕೂ ಹೋಗುತ್ತಿದ್ದರು. ಅಷ್ಟರಲ್ಲಿ ಅವನಿಗೆ ಕೆಲಸ ಬಂದಿರುತ್ತಿತ್ತು. ಊರವರು ಇದಕ್ಕೆ ಅದೃಷ್ಟ ಅಂತ ಹೆಸರಿಟ್ಟರು.

ನಾನು ಕನಕಪುರದ ಆಚೆ, ದೊಡ್ಡಆಲಹಳ್ಳಿ ಕಡೆಯವಳು. ಡಿಪ್ಲೊಮಾ ಮುಗಿಸಿ ಬಿಡದಿಯ ಒಬ್ಬ ಕಂಟ್ರಾಕ್ಟರ ಕೈಕೆಳಗೆ ವರ್ಷಗಟ್ಟಲೆ ದುಡಿದೆ. ಕೊನೆಗೆ ನನ್ನ ಹೆಸರಿನಲ್ಲೇ ಲೈಸೆನ್ಸು ಬಂತು. ಲೈಸೆನ್ಸು ಬಂದರೆ ಕೆಲಸ ಬಂದೀತೇ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋ ಹಾಗಾಯಿತು. ಮನೆ ಕಟ್ಟಿಸುವವರು ಫೋನಿನಲ್ಲಿ ಚೆನ್ನಾಗಿ ಮಾತಾಡುತ್ತಿದ್ದರು. ಎದುರಿಗೆ ಹೋಗಿ ನಿಂತರೆ ನನ್ನ ಹಿಂದೆ ಯಾರನ್ನೋ ಹುಡುಕುತ್ತಿದ್ದರು. ‘ಕಂಟ್ರಾಕ್ಟರು ಬರಲಿಲ್ವಾ ಮೇಡಂ?’ ಅನ್ನುತ್ತಿದ್ದರು. ನಾನೇ ಅಂದರೆ, ಹೇಳಿ ಕಳಿಸ್ತೀವಿ ಅನ್ನುತ್ತಿದ್ದರು. ಯಾರೂ ಹೇಳಿ ಕಳಿಸಲಿಲ್ಲ.

ಹೀಗಿರುವಾಗ ಒಂದು ದಿನ ರಾಮನಗರದ ಎಲೆಕ್ಟ್ರಿಕಲ್ ಅಂಗಡಿಯೊಂದರಲ್ಲಿ ಪೈಪಿನ ದರ ವಿಚಾರಿಸುತ್ತಾ ನಿಂತಿದ್ದೆ. ಪಕ್ಕದಲ್ಲಿ ಬಲ್ಬು ಕೊಳ್ಳಲು ಬಂದಿದ್ದ ಒಬ್ಬ ಮುದುಕರು ಸೊಟ್ಟ ಕನ್ನಡಕದಲ್ಲಿ ನನ್ನನ್ನೇ ನೋಡುತ್ತಿದ್ದರು.

‘ನೀನು ಕರೆಂಟ್ ಕೆಲ್ಸದೋಳಾ?’

‘ಹೌದು. ಕಂಟ್ರಾಕ್ಟರು.’

‘ಹೊಸಬಳಾ?’

ಸರಿ, ಇವರೂ ಶುರು ಮಾಡಿದರು ಅಂದುಕೊಂಡು ನನ್ನ ಅನುಭವದ ಪುರಾಣವನ್ನೆಲ್ಲ ಬಿಚ್ಚಿದೆ. ಯಾವ ಯಾವ ಕಟ್ಟಡ, ಎಷ್ಟು ದೊಡ್ಡ ಲೈನು, ಎಲ್ಲ ಹೇಳಿದೆ. ಹೇಳಿದಷ್ಟೂ ಅವರ ಮುಖ ಬಾಡುತ್ತಾ ಹೋಯಿತು.

‘ಹಂಗಾದ್ರೆ ನೀನು ಹೊಸಬಳಲ್ಲ ಬುಡು’ ಅಂದು ಬಲ್ಬು ಎತ್ತಿಕೊಂಡು ಹೊರಟೇಬಿಟ್ಟರು.

ಅಂಗಡಿಯವನು ಮೇಜಿನ ಮೇಲೆ ಬಗ್ಗಿ, ‘ಅಕ್ಕಾ, ಅವ್ರು ಬೋಣಿ ಗೌಡ್ರು. ಹೊಸಬಳು ಅನ್ನಿ, ಬೇಗ ಅನ್ನಿ’ ಅಂತ ಪಿಸುಗುಟ್ಟಿದ. ನಾನು ರಸ್ತೆಗೆ ಓಡಿದೆ.

‘ಗೌಡ್ರೆ, ನನ್ನ ಹೆಸರಲ್ಲಿ ಇನ್ನೂ ಒಂದು ಕೆಲಸಾನೂ ಆಗಿಲ್ಲ.’

‘ಹಂಗನ್ನು ಮತ್ತೆ’ ಅಂದವರೇ ನಿಂತರು. ‘ನಾಳೆ ಮನೆ ತಾವ ಬಾ.’

ನನ್ನ ಜೀವನದಲ್ಲಿ ಹೊಸಬಳು ಅನ್ನುವ ಕಾರಣಕ್ಕೆ ಕೆಲಸ ಸಿಕ್ಕಿದ್ದು ಅದೊಂದೇ ಸಲ.

ಅವರದು ರೇಷ್ಮೆ ನೂಲು ತೆಗೆಯುವ ಸಣ್ಣ ಘಟಕ. ಮುಂದೆ ಮನೆ, ನಡುವೆ ಅಂಗಳ, ಅಂಗಳದ ಆಚೆ ಹೊಸದಾಗಿ ಕಟ್ಟಿದ ಶೆಡ್ಡು. ಮನೆಯ ಮೇನ್ ಬೋರ್ಡಿನಿಂದ ಶೆಡ್ಡಿಗೆ ಒಂದು ಹಳೇ ವೈರು ಬಿದಿರಿನ ಗಳಕ್ಕೆ ಜೋತುಕೊಂಡು ಹೋಗಿತ್ತು. ಅದರ ಮೇಲೆ ದೊಡ್ಡವ್ವ ಬಟ್ಟೆ ಒಣಗಿಸದಿದ್ದದ್ದು ನಮ್ಮೆಲ್ಲರ ಪುಣ್ಯ. ಆ ವೈರು ತೆಗೆದು, ಅಂಗಳದ ಅಡಿಯಲ್ಲಿ ಪೈಪು ಹೂತು, ಅದರೊಳಗೆ ಕೇಬಲ್ಲು ಎಳೆದು, ಶೆಡ್ಡಿಗೆ ಅದರದ್ದೇ ಒಂದು ಸಬ್ ಬೋರ್ಡು ಕೂರಿಸಬೇಕು ಅಂತ ಹೇಳಿದೆ. ಆಗ ಶೆಡ್ಡಿನಲ್ಲಿ ಏನಾದರೂ ಕೆಟ್ಟರೆ ಅಲ್ಲಿನ ಸ್ವಿಚ್ಚು ಮಾತ್ರ ಬೀಳುತ್ತದೆ, ಮನೆ ಕತ್ತಲಾಗುವುದಿಲ್ಲ. ಆ ಬೋರ್ಡಿನೊಳಗೆ ನ್ಯೂಟ್ರಲ್ ವೈರನ್ನೂ ಅರ್ತ್ ವೈರನ್ನೂ ಒಂದಕ್ಕೊಂದು ತಾಗದ ಹಾಗೆ ಬೇರೆ ಬೇರೆ ಇಡಬೇಕು ಅಂತಲೂ ವಿವರಿಸಿದೆ.

‘ಅತ್ತೆ ಸೊಸೆ ಇದ್ದಂಗೆ’ ಅಂದರು ಗೌಡರು. ‘ಒಂದೇ ಮನೆ, ಬ್ಯಾರೆ ಬ್ಯಾರೆ ಒಲೆ.’

ಒಳಗಿಂದ ದೊಡ್ಡವ್ವ ಕೆಮ್ಮಿದರು.

ರಾಮನಗರದಲ್ಲಿ ನೆಲ ಅಗೆಯುವುದು ಅಂದರೆ ಬಂಡೆಯ ಜೊತೆ ಮಾತಿಗಿಳಿದ ಹಾಗೆ. ಎಲ್ಲಿ ಮಣ್ಣು, ಎಲ್ಲಿ ಕಲ್ಲು ಅಂತ ಬ್ರಹ್ಮನೂ ಹೇಳಲಾರ. ತೊಡೆಯುದ್ದ ಆಳ ಹೋಗಬೇಕು, ಕೆಳಗೆ ಮರಳು ಹಾಸಿ ಪೈಪು ಇಡಬೇಕು, ಮೇಲೆ ಮತ್ತೆ ಮರಳು, ಅದರ ಮೇಲೆ ಸಾಲಾಗಿ ಇಟ್ಟಿಗೆ, ಆಮೇಲೆ ಮಣ್ಣು ಅಂತ ಕೂಲಿಯವರಿಗೆ ಹೇಳಿದ್ದೆ. ಮನೆ ಕಡೆಯಿಂದ ಕೆಲಸ ಸಲೀಸಾಗಿ ಸಾಗಿತು. ಅಂಗಳದ ನಡುಮಧ್ಯ, ಗೂಡು ತರುವ ಗಾಡಿ ಹಿಂದಕ್ಕೆ ಬಂದು ನಿಲ್ಲುವ ಜಾಗದಲ್ಲಿ, ಹಾರೆಗೆ ಬಂಡೆ ಸಿಕ್ಕಿತು. ಒಡೆಯಿರಿ ಅಂತ ಹೇಳಿ ನಾನು ಬೋರ್ಡಿನ ಡಬ್ಬ ಮಾಡಿಸಿಕೊಂಡು ಬರಲು ಚನ್ನಪಟ್ಟಣಕ್ಕೆ ಹೋದೆ. ಡಬ್ಬ ಮಾಡುವವನು ಇವತ್ತು ನಾಳೆ ಅಂತ ಸತಾಯಿಸಿ ಶುಕ್ರವಾರ ಬೆಳಿಗ್ಗೆ ಕೊಟ್ಟ.

ಡಬ್ಬ ಹೊತ್ತುಕೊಂಡು ಗೌಡರ ಅಂಗಳಕ್ಕೆ ಬಂದು ನೋಡಿದರೆ ಗುಂಡಿಯೇ ಇಲ್ಲ. ನೆಲ ಸಾರಿಸಿ, ಈ ತುದಿಯಿಂದ ಆ ತುದಿಗೆ ರಂಗೋಲಿ ಬಿಟ್ಟಿದ್ದರು. ಶೆಡ್ಡಿನ ಬಾಗಿಲಿಗೆ ಬಾಳೆಕಂದು ಕಟ್ಟಿತ್ತು. ನೆಂಟರಿಷ್ಟರು ಹೊಸ ಸೀರೆ ಪಂಚೆಯಲ್ಲಿ ಓಡಾಡುತ್ತಿದ್ದರು. ಹೊಸ ನೂಲಿನ ಯಂತ್ರಕ್ಕೆ ಅವತ್ತು ಪೂಜೆ.

ಗೌಡರು ಓಡೋಡಿ ಬಂದರು. ಮುಖದಲ್ಲಿ ಹಬ್ಬ.

‘ನೋಡವ್ವ, ನಿನ್ ಕೆಲ್ಸ ಮುಗಿಸ್ಬುಟ್ಟಿವ್ನಿ. ಪೂಜೆ ದಿನ ಬಾಗಿಲ ಮುಂದೆ ಗುಂಡಿ ಬಾಯಿ ಬುಟ್ಕಂಡಿರಬಾರ್ದು ಅಂದ್ರು ಅಯ್ನೋರು. ಅದೂ ಅಲ್ದೆ ಆ ಕೂಲಿಯೋರು ಬಿಸ್ಲಲ್ಲಿ ಬಂಡೆ ಕುಟ್ಟೀ ಕುಟ್ಟೀ ಸತ್ತೋದ್ರು. ನೋಡಕ್ಕಾಗ್ದೆ, ಸಾಕು ಬುಡ್ರಪ್ಪ, ಹಂಗೇ ಪೈಪ್ ಮಡಗಿ ಮುಚ್ಚಿ ಅಂದೆ.’

ಡಬ್ಬ ಅಲ್ಲೇ ಕೆಳಗಿಟ್ಟೆ. ಒಂದು ಸಣ್ಣ ಕಂಬಿ ಹುಡುಕಿ ತಂದು ಬಂಡೆಯಿದ್ದ ಜಾಗದಲ್ಲಿ ಮೆಲ್ಲಗೆ ಚುಚ್ಚಿದೆ. ಒಂದು ಗೇಣು ಇಳಿಯುವ ಮೊದಲೇ ಪೈಪಿಗೆ ತಾಗಿತು. ಸದ್ಯಕ್ಕೆ ಪೈಪು ಖಾಲಿ, ಕೇಬಲ್ಲು ಇನ್ನೂ ಎಳೆದಿರಲಿಲ್ಲ. ಎಳೆದು ಕರೆಂಟು ಕೊಟ್ಟ ಮೇಲೆ ಗೂಡಿನ ಗಾಡಿ ಆ ಜಾಗದಲ್ಲಿ ದಿನಾ ಹತ್ತಿ ಇಳಿದರೆ? ಮಳೆ ಬಿದ್ದು ಮಣ್ಣು ಕೊಚ್ಚಿ ಹೋದರೆ? ನೂಲಿನ ಶೆಡ್ಡು ಅಂದರೆ ಯಾವಾಗಲೂ ಒದ್ದೆ ನೆಲ. ಗೂಡು ಬೇಯಿಸಿದ ಬಿಸಿನೀರು ಚೆಲ್ಲುತ್ತಲೇ ಇರುತ್ತದೆ, ಹೆಂಗಸರು ಬರಿಗಾಲಿನಲ್ಲಿ ನಿಂತು ಎಳೆ ಹಿಡಿಯುತ್ತಾರೆ. ಕೆಲಸ ಸರಿಯಾಗಿದೆ ಅಂತ ಕೊನೆಗೆ ಸೈನು ಹಾಕಬೇಕಾದವಳು ನಾನು.

ಇನ್ನೊಂದು ಕಡೆ, ಇವರು ಬೋಣಿ ಗೌಡರು. ಇಷ್ಟು ಜನರ ಎದುರಿಗೆ ಅವರ ಮಾತು ತೆಗೆದುಹಾಕಿದರೆ, ಅವರು ಬೇಸರಪಟ್ಟುಕೊಂಡರೆ, ಕನಕಪುರದಿಂದ ಮಾಗಡಿಯವರೆಗೆ ನನ್ನನ್ನು ಕರೆಯುವವರು ಯಾರೂ ಇರುವುದಿಲ್ಲ. ಮೊದಲನೇ ಕೆಲಸವೇ ಕೊನೆಯ ಕೆಲಸ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಪೂಜೆ ಮುಗಿಯಲಿ ಅಂತ ಕಾದೆ. ಹಳೇ ವೈರಿನಲ್ಲೇ ಯಂತ್ರ ಒಂದು ಸುತ್ತು ತಿರುಗಿತು, ಮಂಗಳಾರತಿ ಆಯಿತು. ಆಮೇಲೆ ಗೌಡರನ್ನು ಪಕ್ಕಕ್ಕೆ ಕರೆದು ಹೇಳಿದೆ.

‘ಗೌಡ್ರೆ, ಇದನ್ನ ಮತ್ತೆ ಅಗೀಬೇಕು.’

‘ಯಾಕವ್ವ? ಸಾಕು ಬುಡು. ಒಸಿ ಹೆಚ್ಚುಕಮ್ಮಿ ಆದ್ರೆ ನಾನು ಅಡ್ಜಸ್ಟ್ ಮಾಡ್ಕತೀನಿ.’

‘ನೀವು ಮಾಡ್ಕತೀರಿ. ಕರೆಂಟು ಮಾಡ್ಕಳಲ್ಲ.’

ಅವರು ನಕ್ಕರು. ಬಾಗಿಲು, ಬೆಂಚು, ಅಂಗಿ ಎಲ್ಲಕ್ಕೂ ನಕ್ಕ ಅದೇ ನಗು. ನಾನು ನಗಲಿಲ್ಲ. ‘ಅಂಗಿ ತೋಳು ಉದ್ದ ಆದ್ರೆ ನೀವು ಮಡಚ್ಕೋಬಹುದು ಗೌಡ್ರೆ. ಒಳಗೆ ಒದ್ದೇಲಿ ನಿಂತಿರೋ ಹೆಂಗಸ್ರು ಏನ್ ಮಡಚ್ಕತಾರೆ?’ ಅಂದೆ. ಮಾತು ನನಗೇ ಜೋರಾಗಿ ಕೇಳಿಸಿತು. ನೆಂಟರು ತಿರುಗಿ ನೋಡಿದರು.

ಗೌಡರ ನಗು ಹೋಯಿತು. ನನ್ನ ಕೈ ಹಿಡಿದು ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದರು. ಬೈಯುತ್ತಾರೆ ಅಂದುಕೊಂಡೆ. ಅವರು ದನಿ ತಗ್ಗಿಸಿ, ಬಹಳ ಸಂಕಟದಿಂದ ಹೇಳಿದರು.

‘ಬೋಣಿ ಮುರೀಬಾರ್ದು ಕಣವ್ವ. ನನಗೇನಾಯ್ತದೆ ಬುಡು, ನಾನು ಹಣ್ಣೆಲೆ. ಮಾಡಿದ ಮೊದಲ್ನೇ ಕೆಲ್ಸಾನೇ ಕಿತ್ತಾಕಿದ್ರೆ ನಿನ್ ಕೈಗೆ ಏಳ್ಗೆ ಆಗಕಿಲ್ಲ. ಜನ ಆಡ್ಕತಾರೆ. ಹೆಣ್ಣೆಂಗ್ಸು, ಈಗಿನ್ನೂ ಕಾಲೂರ್ತಾ ಇದೀಯ. ನಿನಗೋಸ್ಕರ ಅಂತಿವ್ನಿ.’

ಅಷ್ಟು ಹೊತ್ತು ಅವರದು ಬರೀ ಉದಾಸೀನ ಅಂದುಕೊಂಡಿದ್ದೆ. ಅವರು ಹೆದರಿದ್ದು ನನ್ನ ಸಲುವಾಗಿ. ನನ್ನ ಅಪ್ಪನೂ ನನ್ನ ಕೈಯ ಏಳ್ಗೆಯ ಬಗ್ಗೆ ಹೀಗೆ ಸಂಕಟಪಟ್ಟವರಲ್ಲ. ಆದರೆ ಪೈಪು ಮಾತ್ರ ಗೇಣಿನ ಒಳಗೇ ಇತ್ತು. ಅವರ ಸಂಕಟಕ್ಕೆ ಅದೇನೂ ಆಳಕ್ಕೆ ಇಳಿಯುವುದಿಲ್ಲ.

‘ಗೌಡ್ರೆ, ನಾನಿನ್ನೂ ಸೈನ್ ಹಾಕಿಲ್ಲ’ ಅಂದೆ. ‘ನಮ್ಮ ಕಸುಬಲ್ಲಿ ಸೈನ್ ಹಾಕಿದ ಮೇಲೇ ಕೆಲಸ ಆದಂಗೆ. ಬೋಣಿ ಇನ್ನೂ ಆಗೇ ಇಲ್ಲ. ಆಗ್ದಿರೋದನ್ನ ಮುರಿಯೋದು ಹೆಂಗೆ?’

‘ಹಂಗಂತೀಯ?’

‘ಹಂಗೇ.’

ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತಾ ನಿಂತರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಅಷ್ಟರಲ್ಲಿ ಅಂಗಳದ ಕಡೆಯಿಂದ ಸರ್ ಸರ್ ಅಂತ ಸದ್ದು ಕೇಳಿಸಿತು. ಹೋಗಿ ನೋಡಿದರೆ ದೊಡ್ಡವ್ವ ಪೊರಕೆ ಹಿಡಿದು ತಾವೇ ಬಿಟ್ಟ ರಂಗೋಲಿಯನ್ನು ಗುಡಿಸುತ್ತಿದ್ದರು.

‘ಅಗೀರವ್ವ’ ಅಂದರು, ತಲೆಯೆತ್ತದೆ. ‘ಈ ಮನೇಲಿ ಒಂದಾದ್ರೂ ನೆಟ್ಟಗಾಗ್ಲಿ.’

ಮಾರನೆಯ ದಿನ ಕನಕಪುರದ ಕಲ್ಲು ಕ್ವಾರಿಯಲ್ಲಿ ಪಳಗಿದ ನಮ್ಮೂರ ಕಡೆಯವರನ್ನು ಕರೆಸಿದೆ. ಅವರು ಬಂಡೆಗೆ ಉಳಿ ಇಟ್ಟು, ಸಾಲಾಗಿ ರಂಧ್ರ ಕೊರೆದು, ಬೆಣೆ ಹೊಡೆದು ಸೀಳತೊಡಗಿದರು. ಬಿಸಿಲು ಅಂದರೆ ಬಿಸಿಲು. ಗೌಡರು ಮನೆಯೊಳಗೆ ಹೋಗಿ ಕೊಡೆ ತಂದರು. ಗುಂಡಿಯ ಅಂಚಿನಲ್ಲಿ ನಿಂತು, ಕಲ್ಲು ಒಡೆಯುವವನ ತಲೆಯ ಮೇಲೆ ಅದನ್ನು ಹಿಡಿದರು. ಅವನು ಸರಿದಂತೆ ಇವರೂ ಸರಿಯುತ್ತಿದ್ದರು. ತಾವು ಮಾತ್ರ ಪೂರಾ ಬಿಸಿಲಿನಲ್ಲಿ. ‘ಸಾಕು ಹೋಗಿ ಗೌಡ್ರೆ’ ಅಂತ ಅವನೇ ನಾಚಿ ಹೇಳಿದ. ‘ಸಾಕು ಅನ್ನೋಕೆ ಈವಮ್ಮ ಬುಡಾಕಿಲ್ಲ ಕಣ್ಲಾ, ಹೊಡಿ’ ಅಂದರು. ಸಂಜೆಯವರೆಗೂ ನಿಂತಿದ್ದರು. ನಾನು ಕಂಡ ಗೌಡರ ಚಿತ್ರಗಳಲ್ಲಿ ನನ್ನ ಕಣ್ಣಿಗೆ ಮೊದಲು ಬರುವುದು ಅದೇ.

ಬಂಡೆ ಸೀಳಿತು. ಪೈಪು ಇಳಿಯಬೇಕಾದಷ್ಟು ಇಳಿಯಿತು. ಮರಳು, ಇಟ್ಟಿಗೆ, ಮಣ್ಣು. ಕೇಬಲ್ಲು ಎಳೆದೆ, ಬೋರ್ಡು ಕೂರಿಸಿದೆ, ಮೀಟರು ಹಚ್ಚಿ ಲೈನು ಪರೀಕ್ಷಿಸಿದೆ. ಎಲ್ಲ ಸರಿಯಿತ್ತು. ಸೈನೂ ಹಾಕಿದೆ. ಕರೆಂಟು ಕೊಡುವ ಹೊತ್ತಿಗೆ ನೂಲಿನ ಹೆಂಗಸರೆಲ್ಲ ಬಾಗಿಲಲ್ಲಿ ಗುಂಪುಗೂಡಿದ್ದರು. ನಾನು ಪಕ್ಕಕ್ಕೆ ಸರಿದು, ‘ಗೌಡ್ರೆ, ನೀವೇ ಸ್ವಿಚ್ ಹಾಕಿ. ನಿಮ್ಮ ಕೈಲಾಗ್ಲಿ’ ಅಂದೆ. ಊರೆಲ್ಲ ಬೇಡುವ ಕೈ ಅದು.

ಅವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

‘ಇದಕ್ಕೆ ನನ್ ಕೈ ಬ್ಯಾಡ ಕಣವ್ವ. ನಿನ್ ಕೈನೇ ಇರ್ಲಿ.’

ನಾನೇ ಹಾಕಿದೆ. ಯಂತ್ರ ತಿರುಗಿತು. ಗೌಡರು ಒಂದು ಮಾತೂ ಹೊಗಳಲಿಲ್ಲ. ಊದಿದ ತೋಳಿಗೂ ಹೂವಿನ ಕೈ ಅಂದವರು, ನನಗೆ ಏನೂ ಅನ್ನದೆ ಒಳಗೆ ಹೋಗಿಬಿಟ್ಟರು. ಮನಸ್ಸಿಗೆ ನೋವಾಗಿರಬೇಕು ಅಂದುಕೊಂಡೆ. ಊಟಕ್ಕೆ ಕೂರಿಸಿದ ದೊಡ್ಡವ್ವ ಮುದ್ದೆಯ ಮೇಲೆ ತುಪ್ಪ ಹಾಕಿದ್ದು ಬಿಟ್ಟರೆ ಬೇರೆ ಬಿರುದು ಬಾವಲಿ ನನಗೆ ಸಿಗಲಿಲ್ಲ.

ಆಮೇಲೆ ಕೆಲಸ ಬರಲಿಲ್ಲ. ವಾರ ಕಳೆಯಿತು, ತಿಂಗಳೂ ಕಳೆಯಿತು. ಬಿಡದಿಯ ಹೋಟೆಲೊಂದರಲ್ಲಿ ತಟ್ಟೆ ಇಡ್ಲಿ ತಿನ್ನುತ್ತಿದ್ದಾಗ ಪಕ್ಕದ ಮೇಜಿನವರು, ‘ಬೋಣಿ ಗೌಡ್ರ ಅಂಗಳಾನೇ ಎರಡು ಸಲ ಅಗ್ಸಿದ್ಲಂತೆ ಕಣ್ಲಾ, ಪೂಜೆ ರಂಗೋಲಿ ಮೇಲೆ’ ಅಂತ ಮಾತಾಡಿಕೊಳ್ಳುತ್ತಿದ್ದರು. ನನ್ನ ಸುದ್ದಿ. ಗೌಡರು ಹೇಳಿದ ಹಾಗೇ ಆಯಿತಲ್ಲ, ಜನ ಆಡಿಕೊಳ್ಳುತ್ತಿದ್ದಾರೆ, ಬೋಣಿ ಮುರಿದೇ ಹೋಯಿತು ಅಂದುಕೊಂಡೆ. ಇಡ್ಲಿ ಬಿಟ್ಟು ಎದ್ದೆ. ಮಾಡಿದ್ದು ತಪ್ಪು ಅಂತ ಮಾತ್ರ ಅನ್ನಿಸಲಿಲ್ಲ. ಹಳೇ ಕಂಟ್ರಾಕ್ಟರ ಹತ್ತಿರ ಹೋಗಿ ಮತ್ತೆ ಕೆಲಸ ಕೇಳೋಣ ಅನ್ನುವಲ್ಲಿಗೆ ಬಂದಿದ್ದೆ.

ಆ ಹೊತ್ತಿನಲ್ಲಿ ಮಾಗಡಿ ಕಡೆಯಿಂದ ಒಬ್ಬರ ಫೋನು ಬಂತು. ಅವರದು ರಾಗಿ ಮಿಲ್ಲು. ಮನೆಯಿಂದ ಮಿಲ್ಲಿಗೆ ನೆಲದಡಿ ಲೈನು ಹೋಗಬೇಕಿತ್ತು. ಬಂದು ನೋಡಿ ಅಂದರು. ಹೋದೆ. ಅವರು ನನ್ನ ಹಿಂದೆ ಯಾರನ್ನೂ ಹುಡುಕಲಿಲ್ಲ. ನೆಟ್ಟಗೆ ನನ್ನ ಮುಖ ನೋಡಿ ಕೇಳಿದರು.

‘ಬೋಣಿ ಗೌಡ್ರ ಅಂಗಳ ಅಗ್ಸಿದೋಳು ನೀನೇ ಏನವ್ವ?’

ಇಲ್ಲಿಗೂ ಬಂತಾ ಸುದ್ದಿ ಅಂತ ಸೋತುಹೋದೆ. ಸುಳ್ಳು ಹೇಳುವ ಹಾಗಿರಲಿಲ್ಲ.

‘ಹೌದು’ ಅಂದೆ.

‘ಗೌಡ್ರು ಗೂಡಿನ ಮಾರ್ಕೆಟ್ನಲ್ಲಿ ಎಲ್ರಿಗೂ ಅದ್ನೇ ಹೇಳ್ಕಂಡು ತಿರುಗ್ತಾವ್ರೆ. ನನಗೂ ಅಂದ್ರು. “ಅಂಗಿ, ಬಾಗ್ಲು, ಇಡ್ಲಿ ಎಲ್ಲಾದ್ಕೂ ನನ್ ಮಾತು ಕೇಳು ಕಣ್ಲಾ. ಕರೆಂಟ್ ಕೆಲ್ಸಕ್ಕೆ ಮಾತ್ರ, ನನ್ ಮಾತು ಕೇಳ್ದೆ ಹೋದ್ಳಲ್ಲ, ಆವಮ್ಮನ್ನ ಕರಿ” ಅಂದ್ರು.’

ನಾನು ಅಂಗಳದ ಕಡೆ ಮುಖ ತಿರುಗಿಸಿ, ಎಲ್ಲಿಂದ ಅಗೆಯಬೇಕು ಅಂತ ನೋಡುವವಳ ಹಾಗೆ ನಿಂತೆ.